ರೇಡಿಯೊದ ಹಾಡಿಗೆ ಬೆಲೆ ಕಟ್ಟುವ ಬಗೆ

ಎಫ್‌ಎಂ ಹಾಕಿದರೆ ಅವೇ ಹಾಡುಗಳು ಸುತ್ತಿ ಸುತ್ತಿ ಬರುತ್ತವೆ ಎಂಬುದು ಬೆಂಗಳೂರಿನ ಕೇಳುಗರ ಹಳೆಯ ದೂರು. ಬೆಳಗ್ಗೆ ಆಫೀಸಿಗೆ ಹೋಗುವಾಗ ಕೇಳಿದ್ದನ್ನೇ ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಾಗಲೂ ಕೇಳಬೇಕು. ಇದಕ್ಕೆ ಆರ್‌ಜೆಗಳ ಅಭಿರುಚಿಯನ್ನು ಬೈಯುವವರಿದ್ದಾರೆ. ಪಾಪ, ಯಾವ ಹಾಡು ಯಾವಾಗ ಬರಬೇಕು ಎಂಬುದರಲ್ಲಿ ಬಹಳಷ್ಟು ಆರ್‌ಜೆಗಳಿಗೆ ದನಿಯೇ ಇರುವುದಿಲ್ಲ. ಉದ್ಯಮವನ್ನು ಸ್ವಲ್ಪ ಬಲ್ಲವರು ರಾಯಲ್ಟಿಯ ಕಡೆ ಬೆರಳು ತೋರಿಸುತ್ತಾರೆ: ಪ್ರತಿ ಹಾಡಿಗೂ ದುಡ್ಡು ಕೊಡಬೇಕಲ್ಲ, ಅದಕ್ಕೇ ಕೈಗೆಟುಕಿದ್ದನ್ನು ಹಾಕುತ್ತಾರೆ ಎಂದು. ಈ ಮಾತು ಅರ್ಧ ನಿಜ. ರಾಯಲ್ಟಿ ಎಷ್ಟು ಎಂಬುದಕ್ಕಿಂತ ಅದನ್ನು ಯಾವ ಲೆಕ್ಕದಲ್ಲಿ ಕೊಡಬೇಕು, ಕೊಟ್ಟದ್ದು ಯಾರವರೆಗೆ ತಲುಪುತ್ತದೆ ಎಂಬುದೇ ನಮ್ಮ ಕಿವಿಗೆ ಬೀಳುವ ಹಾಡನ್ನು ಹೆಚ್ಚು ತೀರ್ಮಾನಿಸುತ್ತದೆ ಎಂಬುದು ನನ್ನ ವಾದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ದೇಶದ ರೇಡಿಯೊ ಮತ್ತು ಆಡಿಯೊ ಕಂಪನಿಗಳು ಮೊತ್ತಕ್ಕಾಗಿ ಕೋರ್ಟು ಹತ್ತಿಳಿದಿವೆ. ಲೆಕ್ಕದ ಬಗೆ ಮಾತ್ರ ವಕೀಲರ ವಿಷಯವಾಗಿಯೇ ಉಳಿದಿದೆ. ಅದು ಕೇಳುಗರ ವಿಷಯವೂ ಹೌದು.

ರಾಯಲ್ಟಿಯ ಜಗಳವೊಂದು ಇಡೀ ದೇಶದ ಕಿವಿಯನ್ನೇ ಬದಲಿಸಿದ್ದು ಅಮೆರಿಕದಲ್ಲಿ. ಅಲ್ಲಿನ ಸಂಗೀತಗಾರರು, ಗೀತರಚನೆಕಾರರು, ಪ್ರಕಾಶಕರು 1914ರಲ್ಲಿ ಆಸ್ಕ್ಯಾಪ್ ಎಂಬ ಸಂಘ ಕಟ್ಟಿಕೊಂಡಿದ್ದರು. ರೇಡಿಯೊ ಬೆಳೆದಂತೆ ಅದರ ಸದಸ್ಯರ ಹಾಡುಗಳಿಲ್ಲದೆ ಯಾವ ಸ್ಟೇಷನ್ನೂ ನಡೆಯದ ಸ್ಥಿತಿ ಬಂತು. ಜೆರೋಮ್ ಕರ್ನ್, ಕೋಲ್ ಪೋರ್ಟರ್, ಇರ್ವಿಂಗ್ ಬರ್ಲಿನ್, ಎಲ್ಲರೂ ಅಲ್ಲೇ. ಆ ಬಲದಿಂದ ಸಂಘ ತನ್ನ ದರವನ್ನು ಜೋರಾಗಿ ಏರಿಸಹೊರಟಿತು. ಪ್ರಸಾರಕರು ಮಣಿಯಲಿಲ್ಲ. 1939ರಲ್ಲೇ ಬಿಎಂಐ ಎಂಬ ಪ್ರತಿಸಂಘವನ್ನು ಹುಟ್ಟುಹಾಕಿ, 1941ರ ಜನವರಿ 1ರಿಂದ ಆಸ್ಕ್ಯಾಪ್ ಹಾಡುಗಳನ್ನು ದೊಡ್ಡ ಜಾಲಗಳಿಂದ ಪೂರ್ತಿ ತೆಗೆದುಹಾಕಿದರು. ಎನ್‌ಬಿಸಿ, ಸಿಬಿಎಸ್ ಜಾಲಗಳಲ್ಲಿ ಈ ಬಹಿಷ್ಕಾರ ಹತ್ತು ತಿಂಗಳ ಹತ್ತಿರ ನಡೆಯಿತು.

ಆ ಹತ್ತು ತಿಂಗಳು ಅಮೆರಿಕದ ಜನ ಏನು ಕೇಳಿದರು? ಯಾರಿಗೂ ದುಡ್ಡು ಕೊಡಬೇಕಿಲ್ಲದ ಹಳೆಯ ಹಾಡುಗಳನ್ನು. 1864ರಲ್ಲಿ ತೀರಿಕೊಂಡ ಸ್ಟೀಫನ್ ಫಾಸ್ಟರ್‌ನ ಹಾಡುಗಳು ಕಿವಿ ತೂತು ಬೀಳುವಷ್ಟು ಸಲ ಪ್ರಸಾರವಾದವು. ಲ್ಯಾಟಿನ್ ಅಮೆರಿಕದ ಮಟ್ಟುಗಳು ಒಳಬಂದವು. ಹಳ್ಳಿಗಾಡಿನ ಬಿಳಿಯರ ಹಾಡುಗಳಿಗೂ ಕರಿಯರ ಬ್ಲೂಸ್‌ಗೂ ಆಸ್ಕ್ಯಾಪ್ ಅಷ್ಟಾಗಿ ಬಾಗಿಲು ತೆರೆದಿರಲಿಲ್ಲ. ಬಿಎಂಐಗೆ ಹಾಡು ಬೇಕಿತ್ತು, ಅದು ತೆರೆಯಿತು. ಡ್ಯೂಕ್ ಎಲಿಂಗ್ಟನ್ನನ ಕತೆಯಂತೂ ಬಹಳ ಸೊಗಸು. ಅವನು ಆಸ್ಕ್ಯಾಪ್ ಸದಸ್ಯ, ಹಾಗಾಗಿ ತಾನೇ ಬರೆದ ಸಂಗೀತವನ್ನು ತನ್ನ ಬ್ಯಾಂಡಿನೊಂದಿಗೇ ರೇಡಿಯೊದಲ್ಲಿ ನುಡಿಸುವಂತಿಲ್ಲ. ಅವನ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಸದಸ್ಯನಲ್ಲ. ಮಗ ಮರ್ಸರ್ ಎಲಿಂಗ್ಟನ್ ಕೂಡ ಅಲ್ಲ. ಈ ಇಬ್ಬರು ತರುಣರು ಕೂತು ಬ್ಯಾಂಡಿಗೆ ಹೊಸ ಸಂಗೀತವನ್ನೇ ಬರೆದುಕೊಡಬೇಕಾಯಿತು. ಸ್ಟ್ರೇಹಾರ್ನ್‌ನ ‘ಟೇಕ್ ದಿ ಎ ಟ್ರೈನ್’ ಆ ಒತ್ತಡದಲ್ಲೇ ಬ್ಯಾಂಡಿನ ಗುರುತಿನ ಮಟ್ಟಾಗಿ ನೆಲೆಯಾದದ್ದು. ಜಾಜ್ ಇತಿಹಾಸದ ಅತ್ಯಂತ ಪ್ರಸಿದ್ಧ ಮಟ್ಟುಗಳಲ್ಲೊಂದು ಜನರ ಕಿವಿಗೆ ಬಿದ್ದದ್ದರ ಹಿಂದೆ ಒಂದು ರಾಯಲ್ಟಿ ಕರಾರು ಮುರಿದುಬಿದ್ದ ಕತೆ ಇದೆ.

ಕೊನೆಗೆ ಆಸ್ಕ್ಯಾಪ್ ತಾನು ಕೇಳಿದ್ದಕ್ಕಿಂತ ಬಹಳ ಕಡಿಮೆಗೆ ರಾಜಿಯಾಯಿತು. ಈ ಪ್ರಸಂಗವನ್ನು ಹೊಸ ಸಂಗೀತಕ್ಕೆ ದಾರಿ ಬಿಟ್ಟ ಶುಭಗಳಿಗೆ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜ. ಆದರೆ ನನಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ, ಅದು ಅಷ್ಟು ಸಂತೋಷದ್ದಲ್ಲ. ದೇಶದ ಅತಿ ದೊಡ್ಡ ಸಂಗೀತಗಾರರೆಲ್ಲ ಒಟ್ಟಿಗೆ ಮರೆಯಾದರೂ ರೇಡಿಯೊ ನಿಲ್ಲಲಿಲ್ಲ. ಕೇಳುಗರು ರೇಡಿಯೊ ಆರಿಸಿ ಎದ್ದುಹೋಗಲಿಲ್ಲ. ಹಾಡು ಮಾಡುವವನಿಗೆ ರೇಡಿಯೊ ಬೇಕಾದಷ್ಟು, ರೇಡಿಯೊಗೆ ಇಂಥವನೇ ಬೇಕು ಎಂದಿಲ್ಲ. ಜಗತ್ತಿನ ಹಲವು ಕಡೆ ಕಾನೂನು ನಡುವೆ ಬಂದು, ದರವನ್ನು ಬರೀ ಚೌಕಾಸಿಗೆ ಬಿಡದೆ ನಿಗದಿ ಮಾಡುವ ಪದ್ಧತಿಯೂ ಬೆಳೆದಿದೆ.

ನಮ್ಮಲ್ಲೂ ಇಂಥದೊಂದು ಜಗಳ ಆಗಿತ್ತು, ಅಮೆರಿಕದ ಜಗಳದ ನಂತರದ ದಶಕದಲ್ಲೇ. ಬಿ.ವಿ. ಕೇಸ್ಕರ್ 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಮೊಟಕುಗೊಳಿಸಿದರು. ಸಿನಿಮಾದ ಹೆಸರು ಹೇಳುವುದೂ ಜಾಹೀರಾತೇ ಎಂದು ಅದನ್ನು ಕೈಬಿಡಲಾಯಿತು. ನಿರ್ಮಾಪಕರು ಸಿಟ್ಟಾಗಿ ಪ್ರಸಾರದ ಅನುಮತಿಯನ್ನೇ ಹಿಂತೆಗೆದುಕೊಂಡರು. ಕೇಳುಗರು ರೇಡಿಯೊ ಸಿಲೋನ್ ಕಡೆ ತಿರುಗಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಗುವ ಹೊತ್ತಿಗೆ ಅವರನ್ನು ವಾಪಸು ಕರೆತರುವುದೇ ಒಂದು ಕೆಲಸವಾಗಿತ್ತು.

ಖಾಸಗಿ ಎಫ್‌ಎಂ ಬಂದದ್ದು 2001ರ ಜುಲೈ 3ರಂದು, ಬೆಂಗಳೂರಿನಲ್ಲೇ, ರೇಡಿಯೊ ಸಿಟಿಯ ಮೂಲಕ. ಅಂದಿನಿಂದ ಇಂದಿನವರೆಗೂ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ. ಹೀಗಾಗಿ ಅವುಗಳ ದಿನಸಿ ಎಂದರೆ ಹಾಡೇ, ಅದರಲ್ಲೂ ಸಿನಿಮಾ ಹಾಡೇ. ಮೊದಲ ಹಂತದ ಪರವಾನಗಿ ಶುಲ್ಕ ಸ್ಟೇಷನ್ ಗಳಿಸಲಿ ಬಿಡಲಿ ವರ್ಷಕ್ಕೆ ನೂರಕ್ಕೆ 15ರಂತೆ ಏರುತ್ತಿತ್ತು. 2005ರ ಎರಡನೇ ಹಂತದಲ್ಲಿ ಸರ್ಕಾರ ತಪ್ಪು ತಿದ್ದಿಕೊಂಡು ಒಟ್ಟು ವರಮಾನದ ನೂರಕ್ಕೆ 4ರ ಪದ್ಧತಿಗೆ ಬಂತು. ಸಣ್ಣ ಊರುಗಳಲ್ಲಿ ಸ್ಟೇಷನ್‌ಗಳು ಹುಟ್ಟಲು ಸಾಧ್ಯವಾದದ್ದು ಆಮೇಲೆಯೇ. ಸರ್ಕಾರಕ್ಕೆ ಅರ್ಥವಾದ ಈ ವಿಷಯ ಸಂಗೀತದ ರಾಯಲ್ಟಿಗೆ ಬರಲು ಇನ್ನೂ ಐದು ವರ್ಷ ಬೇಕಾಯಿತು.

ಅಲ್ಲಿಯವರೆಗೆ ನಡೆಯುತ್ತಿದ್ದದ್ದು ‘ನೀಡಲ್ ಅವರ್’ ಲೆಕ್ಕ. ಆರ್‌ಜೆಯ ಮಾತು, ಜಾಹೀರಾತು, ಸ್ಪರ್ಧೆ ಎಲ್ಲವನ್ನೂ ಕಳೆದು, ಹಾಡು ಮಾತ್ರ ನುಡಿದ ನಿಮಿಷಗಳನ್ನು ಕೂಡಿಸಿ, ತಾಸಿಗೆ ಇಷ್ಟು ರೂಪಾಯಿ ಎಂದು ಕಟ್ಟುವುದು. ನಮ್ಮ ಹಳ್ಳಿಗಳಲ್ಲಿ ಹೊಲವನ್ನು ಗುತ್ತಿಗೆಗೆ ಹಾಕುವುದಕ್ಕೂ ಕೋರಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ. ಗುತ್ತಿಗೆಯಲ್ಲಿ ಮಳೆ ಬರಲಿ ಬಿಡಲಿ ಒಡೆಯನ ದುಡ್ಡು ಒಡೆಯನಿಗೆ. ಕೋರಿನಲ್ಲಿ ಬೆಳೆದದ್ದರಲ್ಲಿ ಪಾಲು. ನೀಡಲ್ ಅವರ್ ಎಂದರೆ ಗುತ್ತಿಗೆ.

ಈ ಲೆಕ್ಕ ಪ್ರಸಾರದ ಮೇಲೆ ಏನು ಮಾಡುತ್ತದೆ ಎಂದು ಯೋಚಿಸಿ. ಹಾಡು ಹಾಕಿದರೆ ಖರ್ಚು, ಮಾತಾಡಿದರೆ ಖರ್ಚಿಲ್ಲ. ಹಾಗಾದರೆ ಮಾತು ಹೆಚ್ಚುತ್ತದೆ. ಮೂರು ಚರಣದ ಹಾಡು ಎರಡನೇ ಚರಣಕ್ಕೇ ನಿಂತರೆ ಲಾಭ. ರಾತ್ರಿ ಹನ್ನೊಂದರ ಮೇಲೆ ಜಾಹೀರಾತೇ ಇಲ್ಲದ ಹೊತ್ತಿನಲ್ಲಿ ಅಪರೂಪದ ಹಾಡುಗಳ ಕಾರ್ಯಕ್ರಮ ಮಾಡಬೇಕೆಂದರೆ ಪ್ರತಿ ನಿಮಿಷವೂ ಕೈಯಿಂದ ಹಾಕುವ ದುಡ್ಡು. ಬೆಂಗಳೂರಿನ ಸ್ಟೇಷನ್ ಅದನ್ನು ಹೇಗೋ ತಾಳಿಕೊಂಡೀತು. ಕಲಬುರಗಿಯ ಸ್ಟೇಷನ್ನಿನ ಜಾಹೀರಾತು ಆದಾಯಕ್ಕೆ ಆ ಭಾರ ಹೆಚ್ಚು. ಆಗ ಅದು ತನ್ನ ಊರಿನ ರುಚಿಗೆ ತಕ್ಕ ಕಾರ್ಯಕ್ರಮ ಬಿಟ್ಟು, ದೂರದ ಮುಖ್ಯ ಕಚೇರಿಯಿಂದ ಬರುವ ಸಿದ್ಧ ಕಾರ್ಯಕ್ರಮವನ್ನು ಹಾಕಿಕೊಳ್ಳುತ್ತದೆ. ರಾಯಲ್ಟಿ ಇಲ್ಲಿ ಇಂಥ ಹಾಡು ಬೇಡ ಎಂದು ಹೇಳುವುದಿಲ್ಲ. ಪ್ರಯೋಗವೇ ಬೇಡ ಎಂದು ಹೇಳುತ್ತದೆ.

ದರದ ಜೊತೆಗೆ ಅನುಮತಿಯ ತೊಡಕೂ ಇತ್ತು. ಯಾವ ಕಂಪನಿಯೊಂದಿಗೆ ಕರಾರು ಕುದುರಲಿಲ್ಲವೋ ಆ ಕಂಪನಿಯ ಹಾಡುಗಳೆಲ್ಲ ಆ ಸ್ಟೇಷನ್ನಿನ ಪಾಲಿಗೆ ಇಲ್ಲವೇ ಇಲ್ಲ. ರೇಡಿಯೊ ಮಿರ್ಚಿಯನ್ನು ನಡೆಸುವ ಕಂಪನಿಗೂ ಟಿ-ಸೀರೀಸ್‌ನ ಸೂಪರ್ ಕ್ಯಾಸೆಟ್ಸ್‌ಗೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2008ರ ಮೇ ತಿಂಗಳಲ್ಲಿ ಕೊಟ್ಟ ತೀರ್ಪು ಈ ಗಂಟನ್ನು ಸಡಿಲಿಸಿತು: ಒಪ್ಪಲಾಗದ ಷರತ್ತು ಹಾಕುವುದೂ ನಿರಾಕರಣೆಗೆ ಸಮ, ಅಂಥಲ್ಲಿ ಕೃತಿಸ್ವಾಮ್ಯ ಮಂಡಳಿ ಕಡ್ಡಾಯ ಪರವಾನಗಿ ಕೊಡಿಸಬಹುದು. ಅದರ ಬೆನ್ನಿಗೇ 2010ರ ಆಗಸ್ಟ್ 25ರಂದು ಮಂಡಳಿ ಹೊಸ ಲೆಕ್ಕ ತಂದಿತು. ಪ್ರತಿ ಸ್ಟೇಷನ್ ತನ್ನ ನಿವ್ವಳ ಜಾಹೀರಾತು ವರಮಾನದ ನೂರಕ್ಕೆ 2ರಷ್ಟನ್ನು ತೆಗೆದಿಟ್ಟು, ಯಾರ ಸಂಗೀತ ಎಷ್ಟು ಬಳಕೆಯಾಯಿತೋ ಆ ಪ್ರಮಾಣದಲ್ಲಿ ಹಂಚಬೇಕು. ಗುತ್ತಿಗೆ ಹೋಗಿ ಕೋರು ಬಂತು.

ಆಡಿಯೊ ಕಂಪನಿಗಳಿಗೆ ಇದು ಕಹಿಯಾಯಿತು. ನೂರಕ್ಕೆ 2 ಕಡಿಮೆ ಎಂಬ ಅವರ ಅಳಲನ್ನು ನಾನು ತಳ್ಳಿಹಾಕುವುದಿಲ್ಲ. ಹಾಡನ್ನೇ ಮಾರಿ ಬದುಕುವ ಉದ್ಯಮ ಹಾಡಿಗೆ ಕೊಡುವ ಪಾಲು ಅಷ್ಟೇ ಎಂದರೆ ಯಾರಿಗಾದರೂ ಮುಜುಗರವಾಗಬೇಕು. ಅದನ್ನು ನಾಲ್ಕು ಮಾಡಲಿ, ಐದು ಮಾಡಲಿ, ವಾದಿಸೋಣ. ಆದರೆ ಪಾಲಿನ ಲೆಕ್ಕದಲ್ಲಿ ಒಂದು ದೊಡ್ಡ ಗುಣವಿದೆ: ಪ್ರಸಾರದ ಮೇಜಿನ ಮೇಲೆ ಎಲ್ಲ ಹಾಡೂ ಒಂದೇ ಬೆಲೆಗೆ ನಿಲ್ಲುತ್ತವೆ. ನಿನ್ನೆ ಬಿಡುಗಡೆಯಾದ ಐಟಂ ಸಾಂಗ್ ಹಾಕಿದರೂ ಅಷ್ಟೇ, ಮೈಸೂರು ಅನಂತಸ್ವಾಮಿಯವರ ಭಾವಗೀತೆ ಹಾಕಿದರೂ ಅಷ್ಟೇ. ಒಂದು ಹಾಡು ಹೆಚ್ಚು ಹಾಕಿದ್ದಕ್ಕೆ ಗಲ್ಲಾಪೆಟ್ಟಿಗೆಯಿಂದ ಹೆಚ್ಚು ಹೋಗುವುದಿಲ್ಲ. ಆರಿಸುವವನ ಕೈಯನ್ನು ರಾಯಲ್ಟಿ ಹಿಡಿದೆಳೆಯುವುದಿಲ್ಲ.

ಹಾಗಿದ್ದರೆ 2010ರ ನಂತರದ ಹತ್ತು ವರ್ಷ ನಮ್ಮ ಎಫ್‌ಎಂಗಳು ವೈವಿಧ್ಯದಿಂದ ತುಂಬಿ ತುಳುಕಬೇಕಿತ್ತಲ್ಲ? ತುಳುಕಲಿಲ್ಲ. ಇದು ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ, ಅದಕ್ಕೆ ಉತ್ತರ ಹೇಳಲೇಬೇಕು.

ಎಫ್‌ಎಂ ಸ್ಟೇಷನ್ನಿನ ಸಂಗೀತ ವಿಭಾಗದಲ್ಲಿ ಸರದಿ ಹಾಕುವ ತಂತ್ರಾಂಶ ಇರುತ್ತದೆ. ಅದರಲ್ಲಿ ಪ್ರತಿ ಹಾಡಿಗೂ ಒಂದು ಚೀಟಿ. ಭಾಷೆ ಯಾವುದು, ವರ್ಷ ಯಾವುದು, ವೇಗ ಎಷ್ಟು, ಗಂಡುದನಿಯೋ ಹೆಣ್ಣುದನಿಯೋ, ಖುಷಿಯೋ ವಿರಹವೋ, ವಾದ್ಯ ಶುರುವಾದ ಎಷ್ಟನೇ ಸೆಕೆಂಡಿಗೆ ಪಲ್ಲವಿ ಬರುತ್ತದೆ, ಯಾವ ಕಂಪನಿಯದು. ಆ ಸೆಕೆಂಡುಗಳ ಲೆಕ್ಕ ಆರ್‌ಜೆಗೆ ಮುಖ್ಯ, ಪಲ್ಲವಿ ಬರುವಷ್ಟರಲ್ಲಿ ಮಾತು ಮುಗಿಸಬೇಕು. ಹಾಡುಗಳನ್ನು ಗುಂಪು ಮಾಡಿರುತ್ತಾರೆ: ಈಗಿನ ಭಾರಿ ಹಿಟ್‌ಗಳ ಗುಂಪು ಚಿಕ್ಕದು, ಅದು ಬೇಗ ಬೇಗ ತಿರುಗುತ್ತದೆ. ಹಳೆಯ ಮೆಚ್ಚಿನವುಗಳ ಗುಂಪು ದೊಡ್ಡದು, ನಿಧಾನಕ್ಕೆ ತಿರುಗುತ್ತದೆ. ಯಾವುದು ಯಾವ ಗುಂಪಿಗೆ ಎಂಬುದನ್ನು ತೀರ್ಮಾನಿಸಲು ಕೇಳುಗರಿಗೆ ಫೋನು ಮಾಡಿ, ಹಾಡಿನ ಕೆಲವೇ ಸೆಕೆಂಡುಗಳ ತುಣುಕು ಕೇಳಿಸಿ, ಗೊತ್ತೇ, ಇಷ್ಟವೇ, ಸಾಕಾಯಿತೇ ಎಂದು ಕೇಳುವ ಸಮೀಕ್ಷೆ ನಡೆಸುವುದೂ ಉಂಟು. ಇಂಥ ಪರೀಕ್ಷೆಯಲ್ಲಿ ಗುರುತು ಸಿಗದ ಹಾಡು ಫೇಲು. ಎರಡನೇ ಚರಣದಲ್ಲಿ ಅರಳುವ ಹಾಡೂ ಫೇಲು. ಜಾಹೀರಾತುದಾರನಿಗೆ ಬೇಕಾದದ್ದು ಕೊಳ್ಳುವ ವಯಸ್ಸಿನ ಕೇಳುಗ, ಅವನು ಸ್ಟೇಷನ್ ಬದಲಿಸದಂತೆ ಕಾಯುವುದೇ ಈ ಇಡೀ ವ್ಯವಸ್ಥೆಯ ಕೆಲಸ.

ವೈವಿಧ್ಯಕ್ಕೆ ತಡೆ ರಾಯಲ್ಟಿಯೊಂದೇ ಅಲ್ಲ, ಈ ವ್ಯವಸ್ಥೆಯೂ ಹೌದು ಎಂಬುದನ್ನು ಪರೀಕ್ಷಿಸಲು ಒಂದು ದಾರಿಯಿದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1964ರಲ್ಲಿ ಪ್ರಕಟವಾದ ಮುದ್ರಿಕೆಗಳು 2025ರ ಜನವರಿಯಿಂದ ಮುಕ್ತ. ‘ನಾಂದಿ’, ‘ಚಂದವಳ್ಳಿಯ ತೋಟ’ ಆ ವರ್ಷದ ಚಿತ್ರಗಳು. ವಿಜಯಭಾಸ್ಕರ್, ಟಿ.ಜಿ. ಲಿಂಗಪ್ಪ ಅವರ ಸಂಗೀತದ ಆ ಕಾಲದ ಮುದ್ರಿಕೆಗಳಿಗೆ ಆಡಿಯೊ ಕಂಪನಿಗೆ ಕೊಡಬೇಕಾದದ್ದು ಏನೂ ಇಲ್ಲ, ಬರೆದವರ ಮತ್ತು ಮಟ್ಟು ಹಾಕಿದವರ ಪಾಲು ಮಾತ್ರ. ದುಡ್ಡು ಉಳಿಸುವುದೇ ಗುರಿಯಾಗಿದ್ದರೆ ಎಫ್‌ಎಂಗಳು ಆ ಕಾಲದ ಹಾಡುಗಳ ಮೇಲೆ ಮುಗಿಬೀಳಬೇಕಿತ್ತು. ಅಂಥ ಹಾಡುಗಳಿಗೆ ನಾವು ಇಂದಿಗೂ ತಿರುಗಿಸಬೇಕಾದದ್ದು ಆಕಾಶವಾಣಿಯ ಕಡೆಗೇ. ಹಾಗಾಗಿ ಒಳ್ಳೆಯ ರಾಯಲ್ಟಿ ಪದ್ಧತಿ ಮಾತ್ರದಿಂದ ಒಳ್ಳೆಯ ಹಾಡು ಬಂದುಬಿಡುವುದಿಲ್ಲ ಎಂದು ಒಪ್ಪಬೇಕು. ಅದು ದಾರಿಯಲ್ಲಿರುವ ಕಲ್ಲನ್ನು ತೆಗೆಯುತ್ತದೆ, ನಡೆಯುವ ಮನಸ್ಸು ಸ್ಟೇಷನ್ನಿಗೆ ಇರಬೇಕು. ಆದರೆ ಕೆಟ್ಟ ಪದ್ಧತಿ ಮನಸ್ಸಿದ್ದ ಸ್ಟೇಷನ್ನನ್ನೂ ಕಟ್ಟಿಹಾಕುತ್ತದೆ. ಎರಡರ ನಡುವಿನ ಈ ವ್ಯತ್ಯಾಸಕ್ಕಾಗಿಯೇ ನಾನು ಪಾಲಿನ ಲೆಕ್ಕದ ಪರ.

ಕನ್ನಡದ ಪ್ರಶ್ನೆಗೆ ಬಂದರೆ, ಬೆಂಗಳೂರಿನ ಎಫ್‌ಎಂಗಳ ಮೊದಲ ವರ್ಷಗಳಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳೇ ಮೆರೆದದ್ದು ನೆನಪಿರುವವರಿಗೆ ನೆನಪಿದೆ. ಆಮೇಲೆ ಗಾಳಿ ತಿರುಗಿತು. ಕನ್ನಡಪರ ಒತ್ತಾಯ ಒಂದು ಕಾರಣ, 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯಂಥ ಚಿತ್ರಗಳ ಹಾಡಿನ ಅಲೆ ಇನ್ನೊಂದು. ಆದರೆ ಕರಾರಿನ ಕೋನದಿಂದಲೂ ಇದನ್ನು ನೋಡಬೇಕು. ಮುಂಬೈಯಲ್ಲಿ ಒಂದು ದೊಡ್ಡ ಕಂಪನಿಯೊಂದಿಗೆ ಸಹಿ ಹಾಕಿದರೆ ದೇಶದ ಎಲ್ಲ ಸ್ಟೇಷನ್ನುಗಳಿಗೂ ಸಾಲುವಷ್ಟು ಹಿಂದಿ ಹಾಡು ಸಿಗುತ್ತದೆ. ಕನ್ನಡದ ಹಾಡುಗಳು ಲಹರಿ, ಆನಂದ್ ಆಡಿಯೊ, ಅಶ್ವಿನಿ, ಝೇಂಕಾರ್ ಹೀಗೆ ಹಂಚಿಹೋಗಿವೆ. ಬೆರಳೆಣಿಕೆಯ ಊರುಗಳಿಗಾಗಿ ಅಷ್ಟು ಕಡೆ ಮಾತುಕತೆ ನಡೆಸಬೇಕು. ಚೌಕಾಸಿಯೇ ಪದ್ಧತಿಯಾದರೆ ಸಣ್ಣ ಭಾಷೆಯ ಹಾಡು ಬೆಲೆಯಿಂದಲ್ಲ, ಅದರ ಸುತ್ತಲಿನ ತಾಪತ್ರಯದಿಂದ ದುಬಾರಿಯಾಗುತ್ತದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ 31ಡಿ ಕಲಮು ಇಲ್ಲಿ ನಮಗೆ ದೊಡ್ಡ ಆಸರೆ. ಅದರ ಪ್ರಕಾರ ಪ್ರಸಾರಕ ಮುಂಚಿತವಾಗಿ ತಿಳಿಸಿ, ನಿಗದಿಯಾದ ದರ ಕಟ್ಟಿದರೆ ಸಾಕು. ಪ್ರಕಟವಾದ ಯಾವ ಹಾಡನ್ನಾದರೂ ಹಾಕಬಹುದು, ದೊಡ್ಡ ಕಂಪನಿಯದಾಗಲಿ, ಧಾರವಾಡದ ಸಣ್ಣ ಸ್ಟುಡಿಯೊದ್ದಾಗಲಿ. ಆದರೆ ನಿಯಮ ಮಾಡುವಾಗ ಐದು ದಿನ ಮೊದಲೇ ನೋಟಿಸು ಕೊಡಬೇಕೆಂದರು. ಕೇಳುಗ ಫೋನು ಮಾಡಿ ಹಾಡು ಕೇಳುವ ಕಾರ್ಯಕ್ರಮಕ್ಕೆ ಐದು ದಿನದ ನೋಟಿಸು ಹೇಗೆ ಕೊಡುವುದು? ನಮ್ಮ ರೇಡಿಯೊದ ಅತ್ಯಂತ ಜೀವಂತ ಪ್ರಕಾರವೇ ಕೋರಿಕೆಯ ಕಾರ್ಯಕ್ರಮ, ಆ ನಿಯಮ ಬರೆದವರಿಗೆ ಅದು ಹೊಳೆಯದೆ ಹೋದದ್ದು ಬೇಸರದ ಸಂಗತಿ.

ಈಗ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಮಾತು. ಒಂದು ಹಾಡು ಎಂದರೆ ಕಾನೂನಿನ ಕಣ್ಣಿಗೆ ಮೂರು ಪದರ: ಸಾಹಿತ್ಯ, ಮಟ್ಟು, ಮುದ್ರಿಕೆ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಕ್ಕೆ ಇಂದು ಸಾಹಿತ್ಯದ ಹಕ್ಕಿಲ್ಲ. ಅದನ್ನು ಸಿ. ಅಶ್ವಥ್ ಮಟ್ಟು ಹಾಕಿ ಹಾಡಿದ್ದರೆ ಆ ಮಟ್ಟಿಗೂ ಮುದ್ರಿಕೆಗೂ ಹಕ್ಕಿದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗೆ 2041ರ ಕೊನೆಯವರೆಗೂ ಹಕ್ಕು ಉಂಟು. ಸಿನಿಮಾ ಹಾಡಿನಲ್ಲಿ ಮಾತ್ರ ಈ ಪದರಗಳೆಲ್ಲ ಬಹುಕಾಲ ಒಂದೇ ಮುಷ್ಟಿಯಲ್ಲಿದ್ದವು. 1977ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನಿರ್ಮಾಪಕ ದುಡ್ಡು ಕೊಟ್ಟು ಬರೆಸಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ ನಿರ್ಮಾಪಕನೇ ಒಡೆಯ. ಅವನು ಆಡಿಯೊ ಕಂಪನಿಗೆ ಮಾರುತ್ತಾನೆ, ರೇಡಿಯೊದ ದುಡ್ಡು ಕಂಪನಿಗೆ ಹೋಗುತ್ತದೆ, ಬರೆದವನಿಗೆ ಮೊದಲ ದಿನ ಸಿಕ್ಕಿದ್ದೇ ಕೊನೆಯದು. 2012ರ ತಿದ್ದುಪಡಿ, ಅದಕ್ಕಾಗಿ ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಪಟ್ಟ ಪಾಡು, ಇದನ್ನು ಬದಲಿಸಲೆಂದೇ. ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಲ್ಟಿಯಲ್ಲಿ ಬರೆದವರ, ಮಟ್ಟು ಹಾಕಿದವರ ಪಾಲನ್ನು ಅವರು ಬಿಟ್ಟುಕೊಡುವಂತೆಯೇ ಇಲ್ಲ ಎಂದಿತು ಕಾನೂನು.

ಆದರೂ ಕಂಪನಿಗೆ ಕೊಟ್ಟಾಯಿತಲ್ಲ, ಮತ್ತೆ ಬರೆದವರ ಸಂಘಕ್ಕೆ ಏಕೆ ಎಂದು ಪ್ರಸಾರಕರು ವಾದಿಸಿದರು. 2021ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಅವರ ಪರ ನಿಂತಿತು. 2023ರ ಏಪ್ರಿಲ್ 28ರಂದು ಬಾಂಬೆ ಹೈಕೋರ್ಟ್ ಬರೆದವರ ಪರ ತೀರ್ಪು ಕೊಟ್ಟು, ತಿದ್ದುಪಡಿಯ ನಂತರ ರೇಡಿಯೊಗಳು ಅವರ ಸಂಘವಾದ ಐಪಿಆರ್‌ಎಸ್‌ಗೆ ರಾಯಲ್ಟಿ ಕೊಡಲೇಬೇಕೆಂದಿತು. ನನ್ನ ಮನಸ್ಸು ಪೂರ್ತಿ ಎರಡನೆಯ ತೀರ್ಪಿನ ಕಡೆ. ಕಾನೂನು ಬಿಟ್ಟುಕೊಡಲಾಗದ ಹಕ್ಕು ಎಂದು ಹೇಳಿದ ಮೇಲೆ, ಕಂಪನಿಯ ಮೂಲಕ ಎಂದಾದರೂ ಬಂದೀತು ಎಂದು ಕಾಯಿಸುವುದು ಆ ಹಕ್ಕನ್ನು ಇಲ್ಲವಾಗಿಸಿದಂತೆಯೇ.

ಇದಕ್ಕೂ ಹಾಡಿನ ಆಯ್ಕೆಗೂ ಸಂಬಂಧವಿದೆ. ಇಂದು ಸ್ಟೇಷನ್ನಿಗೆ ಹಾಡೆಂದರೆ ಕಂಪನಿ. ಕರಾರು ಕಂಪನಿಯೊಂದಿಗೆ, ಬಿಲ್ಲು ಕಂಪನಿಗೆ, ಹೊಸ ಚಿತ್ರದ ಪ್ರಚಾರದ ಹಣ ಬರುವುದೂ ಅದೇ ಕಡೆಯಿಂದ. ಕಂಪನಿ ಇಂದು ಯಾವುದನ್ನು ಮುಂದೆ ತಳ್ಳುತ್ತದೋ ಅದೇ ಸರದಿಯಲ್ಲಿ ಮೇಲೆ ಏರುತ್ತದೆ. ಬರೆದವರಿಗೆ ಪ್ರತಿ ಪ್ರಸಾರದ ಲೆಕ್ಕ ಸಿಗುವಂತಾದರೆ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅವರ ಮನೆಯವರಿಗಾಗಲಿ, ಹಂಸಲೇಖ, ಜಯಂತ ಕಾಯ್ಕಿಣಿ ಅವರಿಗಾಗಲಿ ಆ ಲೆಕ್ಕದಲ್ಲಿ ನೇರ ಆಸಕ್ತಿ ಹುಟ್ಟುತ್ತದೆ. ಕಂಪನಿ ಮರೆತ ಹಾಡಿಗೂ ಕೇಳುವ ಒಬ್ಬ ವಾರಸುದಾರ ಇರುತ್ತಾನೆ.

2010ರ ಮಂಡಳಿಯ ಲೆಕ್ಕ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆ ವರ್ಷದ ಡಿಸೆಂಬರ್ 31ರಂದು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಮತ್ತೆ ನೀಡಲ್ ಅವರ್ ಲೆಕ್ಕಕ್ಕೇ ಹೋಯಿತು. ಊರಿನ ದರ್ಜೆ, ದಿನದ ಹೊತ್ತು ನೋಡಿ ದರದಲ್ಲಿ ಮೇಲೆ ಕೆಳಗೆ ಮಾಡಿದರೂ ಮೂಲತಃ ಅದು ಗುತ್ತಿಗೆಯೇ. ಕೊರೊನಾದಿಂದ ಜಾಹೀರಾತು ಬತ್ತಿದ್ದ ವರ್ಷದಲ್ಲಿ ಬಂದ ಈ ತೀರ್ಮಾನವನ್ನು ನಾನು ಹಿಂದಕ್ಕಿಟ್ಟ ಹೆಜ್ಜೆ ಎಂದೇ ಎಣಿಸುತ್ತೇನೆ. 2021ರ ಏಪ್ರಿಲ್‌ನಲ್ಲಿ ಆ ಮಂಡಳಿಯೇ ರದ್ದಾಗಿ ಅದರ ಕೆಲಸ ನ್ಯಾಯಾಲಯಗಳಿಗೆ ಹೋಗಿದೆ. ಮುಂದಿನ ದರ ನಿಗದಿಯಾಗುವಾಗ ಅಲ್ಲಿ ಮುಂಬೈ, ದೆಹಲಿಯ ಕಂಪನಿಗಳ ವಕೀಲರಷ್ಟೇ ಕೂತಿದ್ದರೆ ನಮ್ಮ ಮಾತು ದಾಖಲಾಗುವುದಿಲ್ಲ. ಕನ್ನಡದ ಗೀತರಚನೆಕಾರರು, ಸಣ್ಣ ಆಡಿಯೊ ಕಂಪನಿಗಳು, ಜಿಲ್ಲಾ ಕೇಂದ್ರಗಳ ಸ್ಟೇಷನ್ನುಗಳು ಒಟ್ಟಿಗೆ ಹೋಗಿ ವರಮಾನದ ಪಾಲಿನ ಲೆಕ್ಕವನ್ನು, ಹಿಂದಿನ ನೂರಕ್ಕೆ 2ಕ್ಕಿಂತ ನ್ಯಾಯವಾದ ಪ್ರಮಾಣದಲ್ಲಿ, ಕೇಳಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ. 31ಡಿ ಕಲಮಿನಡಿ ಹಾಡು ಹಾಕುವವರು ಬರೆದವರ, ಮುಖ್ಯ ಕಲಾವಿದರ ಹೆಸರನ್ನು ಪ್ರಸಾರದ ಜೊತೆಗೇ ಹೇಳಬೇಕು ಎಂದು ಆ ಕಲಮಿನಲ್ಲೇ ಇದೆ. ವಿವಿಧ ಭಾರತಿಯಲ್ಲಿ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಖಾಸಗಿ ಎಫ್‌ಎಂನಲ್ಲಿ ಗೀತರಚನೆಕಾರನ ಹೆಸರು ಕೇಳಿಬರುವುದೇ ಅಪರೂಪ. ಅದೇ ಕಲಮು ಪ್ರಸಾರದ ದಾಖಲೆಗಳನ್ನು ಇಡಬೇಕೆಂದೂ, ಹಕ್ಕುದಾರರಿಗೋ ಅವರ ಪ್ರತಿನಿಧಿಗೋ ತೋರಿಸಬೇಕೆಂದೂ ಹೇಳುತ್ತದೆ. ಸರದಿ ಹಾಕುವ ತಂತ್ರಾಂಶದಲ್ಲಿ ಪ್ರತಿ ಹಾಡು ಯಾವ ದಿನ, ಯಾವ ಗಂಟೆಗೆ, ಎಷ್ಟು ಸೆಕೆಂಡು ನುಡಿಯಿತು ಎಂಬುದು ತಾನಾಗಿಯೇ ದಾಖಲಾಗಿರುತ್ತದೆ. ಕನ್ನಡದ ಗೀತರಚನೆಕಾರರು ಐಪಿಆರ್‌ಎಸ್ ಮೂಲಕ ಆ ದಾಖಲೆಯನ್ನು ಕೇಳಿ ಪಡೆಯಲಿ, ಊರೂರಿನ ಪಟ್ಟಿಯನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಲಿ.